ಮೂರು ಸಲ ಕೂಗಿದರಂತೆ

ಮೂರು ಸಲ ಕೂಗಿದರಂತೆ. ನಾನು ಬರಲಿಲ್ಲವಂತೆ. ಅದಕ್ಕೆ ನನ್ನ ಮಗಳನ್ನು ಅವಳ ಅಪ್ಪನಿಗೆ ಕೊಟ್ಟುಬಿಟ್ಟರಂತೆ.

ಕೂಗಿದ್ದು ಎಲ್ಲಿ? ಕೌಟುಂಬಿಕ ನ್ಯಾಯಾಲಯದ ಎರಡನೇ ಮಹಡಿಯಲ್ಲಿ, ಮೂರನೇ ನಂಬರಿನ ಕೋರ್ಟ್ ಹಾಲಿನ ಬಾಗಿಲಲ್ಲಿ. ನಾನು ಎಲ್ಲಿದ್ದೆ? ಅದೇ ಮಹಡಿಯಲ್ಲಿ, ಆ ಬಾಗಿಲಿನಿಂದ ಮೂವತ್ತು ಹೆಜ್ಜೆ ದೂರದ ಹೆಂಗಸರ ಕಕ್ಕಸಿನಲ್ಲಿ, ಮೊಣಕೈವರೆಗೆ ಕೈ ಇಳಿಸಿಕೊಂಡು ಕೂತಿದ್ದೆ. ಮೂವತ್ತು ಅಂತ ಸುಮ್ಮನೆ ಬಾಯಿಗೆ ಬಂದದ್ದು ಹೇಳುತ್ತಿಲ್ಲ. ಆರು ವರ್ಷದಿಂದ ಆ ನೆಲ ಒರೆಸುತ್ತಿರುವವಳು ನಾನೇ.

ನನ್ನ ಗಂಡ ಪೇಂಟರ್. ಗೋಡೆಗೆ ಬಣ್ಣ ಹೊಡೆಯುವವನು. ಮೊದಮೊದಲು ಬಾಯಿ ಮಾತ್ರ ಕೆಟ್ಟದಿತ್ತು, ಕೊನೆಕೊನೆಗೆ ಕೈಯೂ ಕೆಟ್ಟಿತು. ಒಂದು ಬೆಳಿಗ್ಗೆ ಮಗಳ ಕೈ ಹಿಡಿದುಕೊಂಡು ಹೊರಗೆ ಬಂದೆ. ಒಂದೇ ಕೋಣೆಯ ಮನೆ ಹಿಡಿದೆ. ಒಂದೂವರೆ ವರ್ಷದಲ್ಲಿ ಅವನು ಮಗಳ ಮುಖ ನೋಡಲು ಬಂದದ್ದು ಎರಡೇ ಸಲ. ಒಮ್ಮೆ ಅವಳು ಯಾವ ಕ್ಲಾಸು ಅಂತ ಅವಳನ್ನೇ ಕೇಳಿದ. ಅಂಥವನು ಇದ್ದಕ್ಕಿದ್ದಂತೆ ವಿಚ್ಛೇದನ ಬೇಕು, ಮಗುವೂ ಬೇಕು ಅಂತ ಅರ್ಜಿ ಹಾಕಿದ.

ವಿಚ್ಛೇದನಕ್ಕೆ ನನ್ನ ತಕರಾರಿರಲಿಲ್ಲ. ಪೀಡೆ ತೊಲಗಲಿ. ಆದರೆ ಮಗುವನ್ನು ಕೇಳಿದ್ದು ಪ್ರೀತಿಯಿಂದಲ್ಲ, ನನಗೆ ಸಿಗಬಾರದು ಅಂತ. ಏಳನೇ ಕ್ಲಾಸು ಓದಿದ್ದೇನೆ, ಅರ್ಜಿಯನ್ನು ನಾನೇ ಅಕ್ಷರ ಕೂಡಿಸಿಕೊಂಡು ಓದಿದೆ. ಅದರಲ್ಲಿ ಹೀಗೆ ಬರೆದಿತ್ತು: 'ಪ್ರತಿವಾದಿಯು ಶೌಚಾಲಯ ತೊಳೆಯುವ ಕೆಲಸದಲ್ಲಿದ್ದು, ಮಗುವಿನ ಬೆಳವಣಿಗೆಗೆ ಯೋಗ್ಯವಾದ ವಾತಾವರಣ ಒದಗಿಸಲು ಅಸಮರ್ಥಳಾಗಿರುತ್ತಾಳೆ.' ನನ್ನ ಮೈಯೆಲ್ಲ ಉರಿದುಹೋಯಿತು. ಆ ಅರ್ಜಿ ಕೊಟ್ಟ ಕಟ್ಟಡ, ಅದನ್ನು ಓದಿದ ಕೋಣೆ, ಅದನ್ನು ಬರೆದ ವಕೀಲ ಹೋಗಿ ಬರುವ ಕಕ್ಕಸು, ಎಲ್ಲದರ ವಾತಾವರಣವನ್ನೂ ಯೋಗ್ಯ ಮಾಡುವವಳು ಯಾರು? ನಾನು.

ವಾಯಿದೆಯ ದಿನ ಬೆಳಿಗ್ಗೆ ಎಂಟಕ್ಕೆ ಸೂಪರ್‌ವೈಸರನ ಮುಂದೆ ನಿಂತೆ. ನಾವೆಲ್ಲ ಗುತ್ತಿಗೆ ಕಂಪನಿಯವರು. ಕೋರ್ಟಿಗೂ ನಮಗೂ ಸಂಬಂಧ ಪೊರಕೆಯದ್ದು ಮಾತ್ರ.

"ಸಾರ್, ಇವತ್ತು ನಂದೇ ಕೇಸಿದೆ. ಹನ್ನೊಂದಕ್ಕೆ. ಒಂದು ಗಂಟೆ ಬಿಡಿ ಸಾರ್."

"ಇವತ್ತೇನಾ? ಮೇಲಿನ ಕೋರ್ಟಿಂದ ದೊಡ್ಡವರು ಕಟ್ಟಡ ನೋಡೋಕೆ ಬರ್ತಿದ್ದಾರೆ. ಎರಡನೇ ಫ್ಲೋರಲ್ಲಿ ನೀರು ಕಟ್ಕೊಂಡು ಕೂತಿದೆ. ಅದನ್ನ ಯಾರು ತೆಗೀತಾರೆ, ನಾನಾ?"

"ಕೂಗಿದಾಗ ಹೋಗ್ಬೇಕಲ್ಲ ಸಾರ್."

"ಅಲ್ಲೇ ಇರ್ತೀಯಲ್ಲಮ್ಮ! ಬೇರೆಯವರು ಬಸ್ಸು ಹಿಡ್ಕೊಂಡು ಬರ್ಬೇಕು. ನಿನಗೇನು, ಕೂಗಿದ ತಕ್ಷಣ ನಾಲ್ಕು ಹೆಜ್ಜೆ ಹಾಕಿದ್ರೆ ಆಯ್ತು."

ನನಗೂ ಅದು ಸರಿ ಅನ್ನಿಸಿತು. ಅಲ್ಲೇ ನಾನು ಕೆಟ್ಟೆ. ಕಟ್ಟಡದಲ್ಲಿದ್ದರೆ ಹಾಜರು ಅಂತ ತಿಳಿದುಕೊಂಡಿದ್ದೆ. ದಿನವೂ ಬೆಳಿಗ್ಗೆ ಹೆಬ್ಬೆಟ್ಟು ಒತ್ತಿ ಹಾಜರಿ ಹಾಕುವವಳಿಗೆ ಇನ್ನೊಂದು ಹಾಜರಿ ಇದೆ ಅಂತ ಹೊಳೆಯಲೇ ಇಲ್ಲ.

ನೀರು ಕಟ್ಟಿಕೊಂಡದ್ದು ಸುಮ್ಮನೆ ಅಲ್ಲ. ಯಾರೋ ಮಗುವಿನ ಡೈಪರನ್ನು ಸುತ್ತಿ ಒಳಗೆ ತುರುಕಿದ್ದರು. ಅದು ಉಬ್ಬಿ ಪೈಪಿಗೆ ಬಿರಡೆ ಹಾಕಿದಂತೆ ಕೂತಿತ್ತು. ಕೋಲಿಗೆ ಬರಲಿಲ್ಲ. ಕೈಗವಸಿನೊಳಗೂ ನೀರು ಇಳಿಯಿತು. ಉಸಿರು ಬಿಗಿಹಿಡಿದು, ಮುಖ ಒಂದು ಕಡೆ ತಿರುಗಿಸಿ, ಬೆರಳಲ್ಲಿ ಹರಿದು ಹರಿದು ತೆಗೆದೆ. ಮೇಲೆ ಗಾಳಿ ಎಳೆಯುವ ಫ್ಯಾನು ಗರಗರ ಅನ್ನುತ್ತಿತ್ತು. ಮೊದಲನೇ ಕೂಗು ಕೇಳಲಿಲ್ಲ. ಎರಡನೆಯದೂ ಕೇಳಲಿಲ್ಲ. ಮೂರನೆಯದು ಕೇಳಿತು. ನನ್ನ ಹೆಸರು, ನನ್ನ ಅಪ್ಪನ ಹೆಸರಿನ ಸಮೇತ. ಅಷ್ಟು ದೊಡ್ಡದಾಗಿ ನನ್ನ ಹೆಸರನ್ನು ಯಾರೂ ಯಾವತ್ತೂ ಕೂಗಿರಲಿಲ್ಲ.

ಓಡಿದೆ. ಕೈಗವಸು ಕಳಚಲೂ ಇಲ್ಲ. ಸಮವಸ್ತ್ರದ ನೀಲಿ ಕೋಟು ಹೊಟ್ಟೆಯವರೆಗೆ ಒದ್ದೆ. ಬಾಗಿಲಲ್ಲಿ ಅಟೆಂಡರ್ ನಿಂತಿದ್ದರು. ಹೆಸರು ಕೂಗುವುದೇ ಅವರ ಕೆಲಸ. ಅವರ ಸ್ಟೂಲಿನ ಕೆಳಗೆ ದಿನವೂ ಗುಡಿಸುತ್ತೇನೆ.

"ಏಯ್ ಫಿನಾಯಿಲ್! ಈಗ ಬೇಡ, ಕೋರ್ಟ್ ನಡೀತಿದೆ. ಊಟದ ಹೊತ್ತಿಗೆ ಬಾ."

"ಅಣ್ಣಾ, ಅದು ನಾನು..."

"ಹೋಗಮ್ಮ ಅತ್ಲಾಗೆ, ನೆಲ ಎಲ್ಲ ನೀರು ಮಾಡ್ತಿದ್ದೀಯ! ದೊಡ್ಡವರು ಬರೋ ಹೊತ್ತು."

ಬಾಗಿಲು ಹಾಕಿಕೊಂಡರು.

ಆ ಕಟ್ಟಡದಲ್ಲಿ ನನ್ನನ್ನು ಎಲ್ಲರೂ ಫಿನಾಯಿಲ್ ಅಂತಲೇ ಕರೆಯುವುದು. ಯಾರು ಶುರುಮಾಡಿದರೋ ಗೊತ್ತಿಲ್ಲ. ನಾನೂ ಓಗೊಟ್ಟೆ. ಅವರು ಒಂದು ನಿಮಿಷದ ಹಿಂದೆ ಗಂಟಲು ಹರಿಯುವಂತೆ ಕೂಗಿದ ಹೆಸರು, ಎದುರಿಗೆ ನಿಂತ ಈ ಮುಖದ್ದು ಅಂತ ಅವರಿಗೆ ಅನ್ನಿಸಲೇ ಇಲ್ಲ.

ಯಾಕೆ ನುಗ್ಗಲಿಲ್ಲ ಅಂತ ಕೇಳುತ್ತೀರಿ. ಎಲ್ಲರೂ ಕೇಳಿದರು. ಆರು ವರ್ಷ 'ಆಮೇಲೆ ಬಾ' ಅಂದಾಗಲೆಲ್ಲ ಹಿಂದೆ ಸರಿದವಳು ನಾನು. ತಲೆ ಯೋಚಿಸುವ ಮೊದಲೇ ಕಾಲು ಸರಿದಿತ್ತು. ಇವತ್ತಿಗೂ ಆ ಕಾಲುಗಳನ್ನು ನೆನೆದರೆ ನನಗೆ ನನ್ನ ಮೇಲೇ ಸಿಟ್ಟು ಬರುತ್ತದೆ.

ಊಟದ ಹೊತ್ತಿಗೆ ಕೋರ್ಟ್ ಹಾಲಿನ ಒಳಗೆ ಬಿಟ್ಟರು, ಒರೆಸಲು. ಗುಮಾಸ್ತ ಮೇಜಿನ ಹತ್ತಿರ ಡಬ್ಬಿ ಬಿಚ್ಚಿಕೊಂಡು ಕೂತಿದ್ದ. ಕೇಸಿನ ನಂಬರು ಹೇಳಿ ಏನಾಯಿತು ಅಂತ ಕೇಳಿದೆ.

"ಅದಾ? ಹೆಂಗಸು ಬರಲೇ ಇಲ್ಲ. ಎಕ್ಸ್‌ಪಾರ್ಟಿ, ಅಂದ್ರೆ ಒಂದೇ ಕಡೆಯವರ ಮಾತು ಕೇಳಿ ಆದೇಶ. ಕೇಸ್ ಮುಗಿಯೋವರೆಗೂ ಮಗು ತಂದೆ ಹತ್ರ. ಶನಿವಾರ ಒಂದು ಗಂಟೆ ತಾಯಿ ನೋಡ್ಬೋದು." ಅವನ ಕುರ್ಚಿಯ ಕೆಳಗೆ ನಾನು ಒರೆಸಲಿ ಅಂತ ಎರಡೂ ಕಾಲು ಮೇಲೆ ಎತ್ತಿಕೊಂಡೇ ಹೇಳಿದ. "ನಿನಗ್ಯಾಕೆ?"

ಒರಸುಕೋಲು ಅಲ್ಲೇ ಬಿಸಾಡಿ ಶಾಲೆಗೆ ಓಡಿದೆ. ಎರಡು ಇಪ್ಪತ್ತಕ್ಕೆ ಶಾಲೆಯ ಗೇಟಿನಲ್ಲಿದ್ದೆ. ಗಂಡ ಆದೇಶದ ಕಾಗದ ತೋರಿಸಿ ಅರ್ಧ ಗಂಟೆ ಮುಂಚೆಯೇ ಮಗಳನ್ನು ಕರೆದುಕೊಂಡು ಹೋಗಿದ್ದ. ಅವಳ ನೀರಿನ ಬಾಟಲಿ ಬೆಂಚಿನ ಮೇಲೇ ಇತ್ತು. ನಾನು ಕಿರುಚಿದೆ. ಯಾವ ತಾಯಿ ಕಿರುಚುವುದಿಲ್ಲ? ಮುಖ್ಯೋಪಾಧ್ಯಾಯಿನಿ ಭೇಟಿ ಪುಸ್ತಕದಲ್ಲಿ ಬರೆದರು: 'ಎರಡು ಇಪ್ಪತ್ತಕ್ಕೆ ತಾಯಿ ಬಂದು ಗಲಾಟೆ ಮಾಡಿದರು.' ಮತ್ತೆ ಆ ದಿನ ಕೆಲಸಕ್ಕೆ ಹೋಗಲಿಲ್ಲ.

ಮಾರನೆಯ ದಿನ ನೆಲಮಹಡಿಯ ಉಚಿತ ಕಾನೂನು ನೆರವಿನ ಕೋಣೆಗೆ ಹೋದೆ. ಆ ಕೋಣೆಯನ್ನೂ ಗುಡಿಸುವವಳು ನಾನೇ. ಅಲ್ಲಿದ್ದ ವಕೀಲೆ ಚಿಕ್ಕ ವಯಸ್ಸಿನವರು, ಕಣ್ಣ ಕೆಳಗೆ ಕಪ್ಪು. ಕಾಲು ಎತ್ತಿಕೊಳ್ಳಲು ಹೋದರು. ನಾನು ಪೊರಕೆ ಗೋಡೆಗೆ ಒರಗಿಸಿ ಎದುರಿನ ಕುರ್ಚಿಯಲ್ಲಿ ಕೂತೆ.

"ಎರಡು ವಿಷಯ ಬೇರೆ ಬೇರೆ ಇಟ್ಕೊಳ್ಳಿ," ಅಂದರು ಎಲ್ಲ ಕೇಳಿದ ಮೇಲೆ. "ಗಂಡ ಹೆಂಡತಿ ಆಗಿರೋದು ಮುಗೀಬಹುದು. ಅಪ್ಪ ಅಮ್ಮ ಆಗಿರೋದು ಮುಗಿಯಲ್ಲ. ಮಕ್ಕಳ ವಿಷಯದಲ್ಲಿ ಯಾವ ಆದೇಶನೂ ಕೊನೇದಲ್ಲ, ಮತ್ತೆ ಕೇಳ್ಬೋದು. ಕೋರ್ಟ್ ನೋಡೋದು ಮಗುವಿಗೆ ಯಾವುದು ಒಳ್ಳೇದು ಅಂತ. ನೀವು ಏನು ಕೆಲಸ ಮಾಡ್ತೀರಿ ಅಂತಲ್ಲ."

"ನನ್ನ ಮಾತೇ ಕೇಳ್ಲಿಲ್ಲ. ಮತ್ತೆ ಯಾವುದು ಒಳ್ಳೇದು ಅಂತ ಹೆಂಗೆ ಗೊತ್ತಾಯ್ತು ಮೇಡಂ?"

ಅವರು ಪೆನ್ನು ಕೆಳಗಿಟ್ಟರು. "ಅದನ್ನೇ ಅರ್ಜೀಲಿ ಕೇಳೋಣ. ಆದರೆ ನೀವು ಅವತ್ತು ಕಟ್ಟಡದಲ್ಲಿದ್ರಿ ಅನ್ನೋಕೆ ಏನಾದ್ರೂ ಬೇಕು. ಹೆಬ್ಬೆಟ್ಟಿನ ಹಾಜರಿ ಇರುತ್ತಲ್ಲ?"

ಸೂಪರ್‌ವೈಸರ್ ಕೊಡಲಿಲ್ಲ. ಕಂಪನಿ ಕಾಗದ ಹೊರಗೆ ಹೋಗುವಂತಿಲ್ಲ ಅಂದ. ಹೆಚ್ಚು ಮಾತಾಡಿದರೆ ನಾಳೆಯಿಂದ ನೀನೂ ಒಳಗೆ ಬರುವಂತಿಲ್ಲ ಅಂದ. ಆಗ ನನಗೆ ಚಾರ್ಟು ನೆನಪಾಯಿತು. ಪ್ರತಿ ಕಕ್ಕಸಿನ ಬಾಗಿಲ ಹಿಂದೆ ಒಂದು ಹಾಳೆ ತೂಗುತ್ತದೆ. ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ ಗಂಟೆಗೊಂದು ಮನೆ, ಮನೆಗೊಂದು ಸಹಿ. ಹಳೆಯ ಹಾಳೆಗಳನ್ನು ಸಾಮಾನಿನ ಕೋಣೆಯಲ್ಲಿ ಬ್ಲೀಚಿಂಗ್ ಪುಡಿಯ ಡ್ರಮ್ಮಿನ ಕೆಳಗೆ ಹಾಸಿರುತ್ತಾರೆ. ಡ್ರಮ್ಮು ಒರಗಿಸಿ ಹುಡುಕಿದೆ. ಸಿಕ್ಕಿತು. ಆ ತಾರೀಖು, ಎರಡನೇ ಮಹಡಿ, ಹೆಂಗಸರದ್ದು, ಹನ್ನೊಂದು ಗಂಟೆಯ ಮನೆಯಲ್ಲಿ ನನ್ನ ಸಹಿ. ಎದೆಗೆ ಒತ್ತಿಕೊಂಡು ತಂದು ವಕೀಲೆಯ ಕೈಗೆ ಕೊಟ್ಟೆ.

ಶನಿವಾರ ಬಂತು. ನ್ಯಾಯಾಲಯದಲ್ಲೊಂದು ಮಕ್ಕಳ ಕೋಣೆ ಇದೆ. ಗೋಡೆ ಮೇಲೆ ಜಿರಾಫೆ, ಮೂಲೆಯಲ್ಲಿ ಗಾಲಿ ಕಳಚಿದ ಕಾರುಗಳು. ಬೇರೆಯಾದ ಅಪ್ಪ ಅಮ್ಮಂದಿರು ಅಲ್ಲಿ ಗಂಟೆ ಲೆಕ್ಕದಲ್ಲಿ ಮಕ್ಕಳನ್ನು ನೋಡುತ್ತಾರೆ. ಹತ್ತಕ್ಕೆ ಆ ನೆಲ ಒರೆಸಿದೆ. ಹನ್ನೊಂದಕ್ಕೆ, ನನ್ನ ಊಟದ ಬಿಡುವನ್ನು ಮುಂಚೆ ತೆಗೆದುಕೊಂಡು, ಅದೇ ನೆಲದ ಮೇಲೆ ತಾಯಿಯಾಗಿ ಕೂತೆ.

ಮಗಳು ಬಂದಳು. ಏಳು ವರ್ಷ. ಮುಂದಿನ ಹಲ್ಲೊಂದು ಅಲ್ಲಾಡುತ್ತಿತ್ತು. ತೊಡೆ ಮೇಲೆ ಹತ್ತಿ ಕೂತು, ನಾಲಿಗೆಯಲ್ಲಿ ಆ ಹಲ್ಲು ದೂಡಿ ತೋರಿಸಿದಳು. "ಅಜ್ಜಿ ಕಿತ್ತುಬಿಡ್ತೀನಿ ಅಂದ್ರು. ನೀನು ನೋಡೋವರೆಗೂ ಬೇಡ ಅಂದೆ."

ಅಷ್ಟರಲ್ಲಿ ಆ ಕಡೆ ಇನ್ನಾರದೋ ಮಗು ವಾಂತಿ ಮಾಡಿಕೊಂಡಿತು. ಆ ಕೋಣೆ ನೋಡಿಕೊಳ್ಳುವ ಆಪ್ತ ಸಮಾಲೋಚಕಿ ಎದ್ದು ನಿಂತು ಸುತ್ತ ನೋಡಿದರು. ಕಣ್ಣು ನನ್ನ ನೀಲಿ ಕೋಟಿನ ಮೇಲೆ ಬಿತ್ತು.

"ಫಿನಾಯಿಲ್, ಹೇಗೂ ಇಲ್ಲೇ ಇದ್ದೀಯಲ್ಲ. ಬೇಗ ತೆಗೆದುಬಿಡು."

"ಮೇಡಂ, ಇದು ನನ್ನ ಗಂಟೆ. ಮಗಳು..."

"ಐದು ನಿಮಿಷದ ಕೆಲಸಕ್ಕೆ ಎಷ್ಟು ಮಾತು?"

ಮಗಳನ್ನು ತೊಡೆಯಿಂದ ಇಳಿಸಿದೆ. ಬಕೆಟ್ ತಂದೆ. ಬಳಿದೆ, ಒರೆಸಿದೆ, ಮತ್ತೆ ಒರೆಸಿದೆ. ಕೈ ತೊಳೆದುಕೊಂಡು ಬರುವಷ್ಟರಲ್ಲಿ ಇಪ್ಪತ್ತೈದು ನಿಮಿಷ ಹೋಗಿತ್ತು. ಮಗಳು ಗೋಡೆಗೆ ಒರಗಿ ನಿಂತು ಎಲ್ಲ ನೋಡುತ್ತಿದ್ದಳು.

"ಅಮ್ಮ, ನಿನ್ನ ಹೆಸರು ಫಿನಾಯಿಲಾ?"

"ಅಲ್ಲ ಕಂದ."

"ಮತ್ಯಾಕೆ ಹೋದೆ?"

ಹನ್ನೆರಡಕ್ಕೆ ಅವಳಪ್ಪ ಬಾಗಿಲಲ್ಲಿ ನಿಂತು ಗಡಿಯಾರ ತೋರಿಸಿದ.

ಇದೇ ಹಾಡು ಐದು ಶನಿವಾರ. ಆಮೇಲೆ ನನ್ನ ಅರ್ಜಿಯ ವಿಚಾರಣೆ ಬಂತು. ಈ ಸಲ ರಜೆ ಕೇಳಲಿಲ್ಲ, ಹಾಕಿದೆ. ಮನೆಯ ಬಟ್ಟೆಯಲ್ಲಿ ಒಂಬತ್ತೂವರೆಗೇ ಬಾಗಿಲಲ್ಲಿ ನಿಂತೆ. ಹೆಸರು ಕೂಗುವ ಮೊದಲೇ "ಇದ್ದೀನಿ" ಅಂದೆ. ಕೆಲವರು ನಕ್ಕರು. ನಗಲಿ.

ಗಂಡನ ವಕೀಲ ಚಾರ್ಟನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದ. ಅದೇನು ಕಕ್ಕಸಿನಲ್ಲಿ ಅದ್ದಿ ತಂದದ್ದೋ ಎಂಬಂತೆ.

"ಸ್ವಾಮಿ, ಈಕೆ ಎರಡು ಇಪ್ಪತ್ತಕ್ಕೆ ಶಾಲೆಯಲ್ಲಿ ಗಲಾಟೆ ಮಾಡಿದ್ದಕ್ಕೆ ಶಾಲೆಯ ಪುಸ್ತಕವೇ ಸಾಕ್ಷಿ. ಮತ್ತೆ ಕೆಲಸಕ್ಕೆ ಹೋಗಲಿಲ್ಲ ಅಂತ ಈಕೆಯ ಅರ್ಜಿಯಲ್ಲೇ ಇದೆ. ಆದರೆ ಈ ಹಾಳೆಯಲ್ಲಿ ಮೂರಕ್ಕೆ ಸಹಿ ಇದೆ. ನಾಲ್ಕಕ್ಕೆ ಇದೆ. ಐದಕ್ಕೂ ಇದೆ. ಅವು ಸುಳ್ಳಾದ ಮೇಲೆ ಹನ್ನೊಂದರದ್ದು ನಿಜ ಹೇಗಾದೀತು? ಅವತ್ತು ಈಕೆ ಕಟ್ಟಡಕ್ಕೇ ಬಂದಿರಲಿಲ್ಲ."

ನನ್ನ ವಕೀಲೆ ತಿರುಗಿ ನನ್ನ ಮುಖ ನೋಡಿದರು. ತಪ್ಪು ನನ್ನದೇ. ನಾನು ಹೇಳಿರಲಿಲ್ಲ. ಮುಚ್ಚಿಡಲಿಲ್ಲ, ಹೇಳಬೇಕು ಅಂತ ಹೊಳೆಯಲಿಲ್ಲ ಅಷ್ಟೆ. ಅದು ಇಡೀ ಲೋಕಕ್ಕೇ ಗೊತ್ತಿರುವ ವಿಷಯ ಅಂದುಕೊಂಡಿದ್ದೆ.

"ಏನಮ್ಮಾ ಇದು?" ನ್ಯಾಯಾಧೀಶರು ಕೇಳಿದರು.

ಹಿಂದಿನ ಬೆಂಚಿನಲ್ಲಿ ಸೂಪರ್‌ವೈಸರ್ ಬಂದು ಕೂತಿದ್ದ. ಅವನ ಕಣ್ಣು ನನ್ನ ಬೆನ್ನು ಚುಚ್ಚುತ್ತಿತ್ತು. ಹೇಳಿದರೆ ಕೆಲಸ ಹೋಗುತ್ತದೆ. ಕೆಲಸ ಹೋದರೆ ಮಗು ಸಾಕುವ ಶಕ್ತಿಯಿಲ್ಲ ಅನ್ನುತ್ತಾರೆ. ಹೇಳದಿದ್ದರೆ ಸುಳ್ಳಿ ಅನ್ನುತ್ತಾರೆ. ಯಾವ ಕಡೆ ತಿರುಗಿದರೂ ಗೋಡೆ. ಆಮೇಲೆ ಸಾಕಾಯಿತು.

"ಸ್ವಾಮಿ, ನಮಗೆ ಪೆನ್ನು ಕೊಡಲ್ಲ. ಪೆನ್ನು ಸೂಪರ್‌ವೈಸರ್ ಹತ್ರ ಇರುತ್ತೆ. ಬೆಳಿಗ್ಗೆ ಎಂಟಕ್ಕೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಒಂಬತ್ತರಿಂದ ಐದರವರೆಗಿನ ಸಹಿ ಒಂದೇ ಸಲಕ್ಕೆ ಹಾಕಿಸ್ತಾರೆ. ಆರು ವರ್ಷದಿಂದ ಹಿಂಗೇ. ಕೆಲಸ ಗಂಟೆಗೊಂದು ಸಲ ಮಾಡ್ತೀವಿ, ಸಹಿ ದಿನಕ್ಕೊಂದು ಸಲ."

"ಸುಳ್ಳು!" ಹಿಂದಿನಿಂದ ಸೂಪರ್‌ವೈಸರ್ ಕೂಗಿದ.

"ಸುಳ್ಳಾ? ಸ್ವಾಮಿ, ನಿಮ್ಮ ಚೇಂಬರಿನ ಬಾತ್‌ರೂಮಿನ ಬಾಗಿಲ ಹಿಂದೆ ಇವತ್ತಿನ ಹಾಳೆ ಇದೆ. ತರಿಸಿ ನೋಡಿ. ಇವತ್ತು ಸಂಜೆ ಐದರ ಸಹಿ ಆಗಲೇ ಬಿದ್ದಿದೆ."

ನ್ಯಾಯಾಧೀಶರು ಅಟೆಂಡರನ್ನು ಕಳಿಸಿದರು. ಹಾಳೆ ಬಂತು. ಅವರು ಕನ್ನಡಕ ಸರಿಮಾಡಿಕೊಂಡು ಹಾಳೆ ನೋಡಿದರು, ಗೋಡೆಯ ಗಡಿಯಾರ ನೋಡಿದರು. ಹನ್ನೆರಡು ಹತ್ತು. ಮತ್ತೆ ಹಾಳೆ ನೋಡಿದರು.

"ಹಾಗಾದ್ರೆ ಅವತ್ತು ಹನ್ನೊಂದಕ್ಕೆ ನೀವಿದ್ರಿ ಅನ್ನೋಕೆ ಈ ಹಾಳೆ ಸಾಕ್ಷಿ ಆಗಲ್ಲ. ಬೇರೆ ಏನಿದೆ?"

"ಇವರಿದ್ದಾರೆ." ಅಟೆಂಡರ್ ಕಡೆ ಕೈ ತೋರಿಸಿದೆ. "ಮೂರನೇ ಕೂಗಿಗೆ ಓಡಿ ಬಂದೆ. ಇವರೇ ಓಡಿಸಿದ್ರು."

ಅಟೆಂಡರ್ ನಿವೃತ್ತಿಗೆ ಒಂದು ವರ್ಷ ಇರುವವರು. ಇಲ್ಲ ಅಂದರೆ ಮುಗಿಯಿತು, ಕೇಳುವವರು ಯಾರೂ ಇಲ್ಲ. ಅವರು ನನ್ನ ಮುಖ ನೋಡಿದರು. ಆರು ವರ್ಷದಲ್ಲಿ ಮೊದಲ ಸಲ ನೋಡಿದರು.

"ಬಂದಿದ್ರು ಸ್ವಾಮಿ," ಅಂದರು. ಧ್ವನಿ ಕೂಗುವವರದ್ದಾಗಿರಲಿಲ್ಲ. "ಕೈಗವಸು ಹಾಕ್ಕೊಂಡೇ ಬಂದಿದ್ರು. ಒರೆಸೋಕೆ ಬಂದಿದ್ದಾರೆ ಅಂದ್ಕೊಂಡು ವಾಪಸ್ ಕಳಿಸಿದೆ."

"ನೀವೇ ಕೂಗಿದ ಹೆಸರು ಇವರದ್ದು ಅಂತ ಗೊತ್ತಾಗ್ಲಿಲ್ವಾ?"

"ಇಲ್ಲ ಸ್ವಾಮಿ. ನಾವೆಲ್ಲ ಫಿನಾಯಿಲ್ ಅಂತ ಕರೀತೀವಿ. ಇವರಿಗೆ ಇನ್ನೊಂದು ಹೆಸರಿರುತ್ತೆ ಅಂತ..."

ಆದೇಶ ಬಂತು. ನನ್ನ ಮಾತು ಕೇಳದೆ ಮಾಡಿದ್ದನ್ನು ರದ್ದು ಮಾಡಿದರು. ಕೇಸು ಮೊದಲಿಂದ ಕೇಳುತ್ತಾರಂತೆ. ವಕೀಲೆ ನನ್ನ ಭುಜ ಹಿಡಿದು ಅಲ್ಲಾಡಿಸಿದರು.

"ಮಗು?" ಅಂದೆ.

"ವಿಚಾರಣೆ ಆಗೋವರೆಗೂ ಈಗಿರೋ ಹಾಗೇ. ಮಗುವನ್ನ ಪದೇ ಪದೇ ಮನೆ ಬದಲಾಯಿಸೋದು ಬೇಡ ಅಂತ. ಮುಂದಿನ ವಾಯಿದೆ ಎರಡು ತಿಂಗಳಿಗೆ."

ಗೆದ್ದೆನಂತೆ. ಗೆದ್ದವಳ ಮನೆಯಲ್ಲಿ ಆ ನೀರಿನ ಬಾಟಲಿ ಇನ್ನೂ ಕಪಾಟಿನ ಮೇಲೇ ಇತ್ತು. ಅವರ ತಪ್ಪಿಗೆ ಮಗು ಒಂದೇ ದಿನದಲ್ಲಿ ಹೋಯಿತು. ತಪ್ಪು ಅಂತ ಒಪ್ಪಿಕೊಂಡ ಮೇಲೆ ವಾಪಸ್ ಬರಲು ತಿಂಗಳುಗಟ್ಟಲೆ. ಇದು ಯಾವ ಸೀಮೆಯ ನ್ಯಾಯ ಅಂತ ಮೆಟ್ಟಿಲ ಮೇಲೆ ಕೂತು ಅತ್ತೆ. ಅತ್ತಿದ್ದಕ್ಕೂ ಸಿಟ್ಟು ಬಂತು.

ಕೋರ್ಟಿನಿಂದ ಕಂಪನಿಗೆ ಕಾಗದ ಹೋಯಿತು. ಈಗ ಎಲ್ಲರ ಕೊರಳಲ್ಲೂ ದಾರ ಕಟ್ಟಿದ ಪೆನ್ನು. ಕೋರ್ಟಿನ ಕಣ್ಣು ಇರುವುದರಿಂದ ನನ್ನನ್ನು ಕೂಡಲೇ ತೆಗೆಯಲಿಲ್ಲ, ತೆಗೆಯಲು ನೆಪ ಹುಡುಕುತ್ತಿದ್ದರು. ಚೇಂಬರಿನ ಹಾಳೆಯಲ್ಲಿ ಅವತ್ತು ಸಹಿ ಹಾಕಿದ್ದವಳು ನಮ್ಮ ದೊಡ್ಡಕ್ಕ, ನಮ್ಮಲ್ಲೆಲ್ಲ ಹಿರಿಯಳು. ಅವಳಿಗೆ ಎಚ್ಚರಿಕೆ ಪತ್ರ ಬಂತು.

"ನಿನ್ನ ಮಗು ಬೇಕು ಅಂತ ನನ್ನ ಕತ್ತು ಹಿಡ್ಕೊಟ್ಯಲ್ಲೇ," ಅಂದಳು.

"ತಪ್ಪಾಯ್ತು ದೊಡ್ಡಕ್ಕ."

ಮೂರು ದಿನ ಅವಳು ಬೇರೆ ನಲ್ಲಿಯಲ್ಲಿ ನೀರು ಹಿಡಿದಳು. ಶುಕ್ರವಾರ ಬಕೆಟ್ ತುಂಬುತ್ತಾ, ನನ್ನ ಕಡೆ ನೋಡದೆ, "ನಾಳೆ ಆ ಮಕ್ಕಳ ಕೋಣೆ ನಾನು ಒರೆಸ್ತೀನಿ. ನೀನು ಆ ನೀಲಿ ದರಿದ್ರ ಕಳಚಿ ಹೋಗು," ಅಂದಳು.

ಹಾಗೇ ಹೋದೆ. ಮನೆಯ ಬಟ್ಟೆ. ತಲೆ ಬಾಚಿಕೊಂಡಿದ್ದೆ. ಹನ್ನೊಂದಕ್ಕೆ ಮಗಳು ಬಂದಳು, ತೊಡೆ ಹತ್ತಿದಳು. ಹಲ್ಲು ಬಿದ್ದುಹೋಗಿತ್ತು. ಕಾಗದದಲ್ಲಿ ಸುತ್ತಿ ತಂದಿದ್ದಳು. "ನಿನಗೆ," ಅಂತ ಅಂಗೈಯಲ್ಲಿಟ್ಟಳು.

ಹನ್ನೊಂದು ಕಾಲಿರಬೇಕು. ಕಾರಿಡಾರಿನಲ್ಲಿ ಸೂಪರ್‌ವೈಸರನ ಗಂಟಲು.

"ಫಿನಾಯಿಲ್! ಎರಡನೇ ಫ್ಲೋರಲ್ಲಿ ನೀರು ಕಟ್ಕೊಂಡಿದೆ!"

ಆಪ್ತ ಸಮಾಲೋಚಕಿ ತಲೆ ಎತ್ತಿ ನನ್ನನ್ನು ನೋಡಿದರು. ನಾನು ಮಗಳ ಬಾಯಿ ತೆರೆಸಿ ಹಲ್ಲಿನ ಜಾಗ ನೋಡುತ್ತಿದ್ದೆ.

"ಫಿನಾಯಿಲ್!" ಈಗ ಬಾಗಿಲ ಹತ್ತಿರ. "ಬರ್ತೀಯೋ, ಇಲ್ಲ ಇವತ್ತೇ ಲೆಕ್ಕ ಮುಗಿಸಲೋ?"

ಕಾಲುಗಳಿಗೆ ಆರು ವರ್ಷದ ಅಭ್ಯಾಸ, ತಾವಾಗಿಯೇ ಏಳಲು ಹೊರಟವು. ತೊಡೆ ಮೇಲೆ ಮಗಳಿದ್ದಳು. ಅವಳ ಭಾರ ಕಾಲುಗಳನ್ನು ಒತ್ತಿ ಹಿಡಿದಿತ್ತು.

"ಅಮ್ಮ, ಕರೀತಿದ್ದಾರೆ."

"ನನ್ನನ್ನಲ್ಲ ಕಂದ."

"ಫಿನಾಯಿಲ್!"

ಮೂರಾಯಿತು. ಗೈರುಹಾಜರು ಅಂತ ಬರೆದುಕೊಳ್ಳಲಿ. ಗೈರುಹಾಜರಿ ಬರೆಯುವ ಪೆನ್ನು ಹೇಗೂ ಇನ್ನೂ ಅವನ ಹತ್ತಿರವೇ ಇದೆ.